ಔಷಧಿ ಕೊಟ್ಟರೂ ಕ್ಯಾಂಡಿಡಾ ಬಗ್ಗುತ್ತಿಲ್ಲ: ದೋಷ ಎಲ್ಲಿದೆ ಎಂದು ಹುಡುಕುವ ಕೈಪಿಡಿ

ದೋಷದ ಲಕ್ಷಣ

ಐಸಿಯುನಲ್ಲಿರುವ ರೋಗಿಯ ರಕ್ತದಲ್ಲಿ ಯೀಸ್ಟ್ ಸಿಕ್ಕಿದೆ, ಅಂದರೆ ಕ್ಯಾಂಡಿಡಾದಂಥ ಏಕಕೋಶದ ಶಿಲೀಂಧ್ರ. ಶಿಲೀಂಧ್ರದ ಔಷಧಿ ಶುರುವಾಗಿ ಐದು ದಿನ ಕಳೆದಿದೆ. ಜ್ವರ ಇಳಿದಿಲ್ಲ. ಮತ್ತೆ ಕಳಿಸಿದ ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಸೂಕ್ಷ್ಮಜೀವಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಟೆಸ್ಟ್) ಕೂಡ ಪಾಸಿಟಿವ್ ಬಂದಿದೆ. ರೌಂಡ್ಸ್ ಹೊತ್ತಿನಲ್ಲಿ ಯಾರೋ ಒಬ್ಬರು ಹೇಳುತ್ತಾರೆ: "ರೆಸಿಸ್ಟೆನ್ಸ್ ಇರಬೇಕು, ಔಷಧಿ ಬದಲಾಯಿಸಿಬಿಡೋಣ."

ರೆಸಿಸ್ಟೆನ್ಸ್, ಅಂದರೆ ಯೀಸ್ಟ್ ಔಷಧಿಗೆ ಬಗ್ಗದಿರುವುದು, ಇರಬಹುದು. ಆದರೆ ಲೈನ್ (ರಕ್ತನಾಳಕ್ಕೆ ಹಾಕಿದ ಕೊಳವೆ) ಒಳಗೇ ಉಳಿದಿರಬಹುದು. ಡೋಸ್ ಸಾಲದೆ ಇರಬಹುದು. ಹೊಟ್ಟೆಯಲ್ಲಿ ಕೀವು ಕಟ್ಟಿರಬಹುದು. ಲ್ಯಾಬ್ ಕೊಟ್ಟ ಯೀಸ್ಟಿನ ಹೆಸರೇ ತಪ್ಪಿರಬಹುದು. ಇವನ್ನು ನೋಡದೆ ಔಷಧಿ ಬದಲಿಸಿದರೆ ದೋಷ ಇದ್ದಲ್ಲೇ ಇರುತ್ತದೆ, ಒಂದು ಒಳ್ಳೆಯ ಔಷಧಿಯೂ ಸುಮ್ನೆ ಖರ್ಚಾಗುತ್ತದೆ. ಶಿಲೀಂಧ್ರದ ಔಷಧಿಗಳಲ್ಲಿ ನಮ್ಮ ಕೈಯಲ್ಲಿರುವುದು ಮುಖ್ಯವಾಗಿ ಮೂರು ಗುಂಪು: ಅಜೋಲ್‌ಗಳು, ಎಕೈನೊಕ್ಯಾಂಡಿನ್‌ಗಳು, ಆಂಫೋಟೆರಿಸಿನ್ ಬಿ. ನಾಲ್ಕನೆಯದು ಫ್ಲುಸೈಟೊಸಿನ್. ಅದನ್ನು ಒಂಟಿಯಾಗಿ ಕೊಟ್ಟರೆ ಯೀಸ್ಟ್ ಬೇಗ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ಬ್ಯಾಕ್ಟೀರಿಯಾದ ಹಾಗೆ ಹತ್ತಾರು ಆಯ್ಕೆ ಇಲ್ಲಿ ಇಲ್ಲ.

ಶಿಲೀಂಧ್ರ ತಜ್ಞರು 90-60 ನಿಯಮ ಅಂತ ಒಂದನ್ನು ಹೇಳುತ್ತಾರೆ. ಲ್ಯಾಬಿನಲ್ಲಿ ಔಷಧಿಗೆ ಬಗ್ಗುವ ಯೀಸ್ಟ್ ಇದ್ದರೆ ನೂರಕ್ಕೆ ಸುಮಾರು 90 ರೋಗಿಗಳು ಸುಧಾರಿಸುತ್ತಾರೆ. ಬಗ್ಗದ ಯೀಸ್ಟ್ ಇದ್ದರೂ ಸುಮಾರು 60 ಜನ ಸುಧಾರಿಸುತ್ತಾರೆ. ಇದು ಅಂದಾಜಿನ ನಿಯಮ, ಪ್ರತಿ ರೋಗಿಗೂ ಕೂರುವುದಿಲ್ಲ. ಆದರೂ ಒಂದು ವಿಷಯ ಗೊತ್ತಾಗುತ್ತದೆ. ರಿಪೋರ್ಟಿನಲ್ಲಿ ಎಲ್ಲ ಸರಿ ಇದ್ದೂ ಹತ್ತರಲ್ಲಿ ಒಬ್ಬರು ಸುಧಾರಿಸುವುದಿಲ್ಲ, ಮತ್ತು ಅವರಲ್ಲಿ ತಪ್ಪು ಇರುವುದು ಯೀಸ್ಟಿನ ಹೊರಗೆ. ಅದಕ್ಕೇ ಈ ಕೈಪಿಡಿಯಲ್ಲಿ ರೆಸಿಸ್ಟೆನ್ಸ್ ವಿಷಯ ಕೊನೆಯ ಹತ್ತಿರ ಬರುತ್ತದೆ.

ಇದು ವಾರ್ಡಿನ ಡಾಕ್ಟರ್, ನರ್ಸ್, ಲ್ಯಾಬಿನವರಿಗೆ ಬರೆದದ್ದು. ರೋಗಿಯ ಮನೆಯವರೂ ಓದಬಹುದು, ಪ್ರಶ್ನೆ ಕೇಳಲು ಅನುಕೂಲವಾಗುತ್ತದೆ. ಆದರೆ ಇಲ್ಲಿರುವ ಡೋಸ್ ನೋಡಿ ಯಾರೂ ತಾವಾಗಿಯೇ ಔಷಧಿ ಬದಲಿಸಬೇಡಿ.

ಒಂದು ಎಚ್ಚರಿಕೆ ಮೊದಲೇ. ರೋಗಿಯ ಬಿಪಿ ಕುಸಿಯುತ್ತಿದ್ದರೆ ಈ ಹುಡುಕಾಟ ಮುಗಿಯುವವರೆಗೆ ಕಾಯಬೇಡಿ. ಫ್ಲುಕೊನಜೋಲ್ (ಇದು ಅಜೋಲ್ ಗುಂಪಿನದು) ಮೇಲಿದ್ದರೆ ಎಕೈನೊಕ್ಯಾಂಡಿನ್‌ಗೆ ಬದಲಿಸಿ, ಜೊತೆಜೊತೆಗೇ ಹುಡುಕಿ. ಈಗಾಗಲೇ ಎಕೈನೊಕ್ಯಾಂಡಿನ್ ಮೇಲಿದ್ದರೆ ಲಿಪೊಸೋಮಲ್ ಆಂಫೋಟೆರಿಸಿನ್ (ಲಿಪಿಡ್, ಅಂದರೆ ಕೊಬ್ಬಿನ ಕಣಗಳಲ್ಲಿ ಸೇರಿಸಿದ ಆಂಫೋಟೆರಿಸಿನ್) ಬಗ್ಗೆ ಅವತ್ತೇ ತಜ್ಞರ ಜೊತೆ ಮಾತಾಡಿ.

ಅದು ಸೋಂಕೇ, ಸುಮ್ನೆ ಕೂತಿರುವ ಯೀಸ್ಟೇ?

ಕ್ಯಾಂಡಿಡಾ ಆರೋಗ್ಯವಂತರ ಬಾಯಿ, ಕರುಳು, ಚರ್ಮದಲ್ಲೂ ಇರುತ್ತದೆ. ಹಾಗಾಗಿ ಎಲ್ಲಿಂದ ಸಿಕ್ಕಿತು ಅನ್ನೋದು ಮುಖ್ಯ. ರಕ್ತದ ಒಂದೇ ಒಂದು ಬಾಟಲಿಯಲ್ಲಿ ಸಿಕ್ಕರೂ ಅದನ್ನು ಸೋಂಕೆಂದೇ ಹಿಡಿಯಬೇಕು. "ಚರ್ಮದಿಂದ ಬಂದಿರಬಹುದು" ಎಂದು ಬಿಡುವ ಹಾಗಿಲ್ಲ.

ಕಫದ ಕಥೆ ಬೇರೆ. ವೆಂಟಿಲೇಟರ್ ಮೇಲಿರುವವರ ಕಫದಲ್ಲಿ ಕ್ಯಾಂಡಿಡಾ ಬೆಳೆಯುವುದು ತೀರಾ ಸಾಮಾನ್ಯ. ಅದರಿಂದ ನ್ಯುಮೋನಿಯಾ ಆಗುವುದು ತೀರಾ ಅಪರೂಪ. ಕಫದ ರಿಪೋರ್ಟ್ ನೋಡಿ ಔಷಧಿ ಶುರು ಮಾಡಿ, ಆಮೇಲೆ "ಜ್ವರ ಬಿಡುತ್ತಿಲ್ಲ, ರೆಸಿಸ್ಟೆನ್ಸ್" ಅಂದರೆ ಅಲ್ಲಿ ರೋಗವೇ ಬೇರೆ ಇರುತ್ತದೆ. ಮೂತ್ರದಲ್ಲೂ ಹಾಗೆಯೇ. ಕ್ಯಾತಿಟರ್ ಇರುವವರ ಮೂತ್ರದಲ್ಲಿ ಯೀಸ್ಟ್ ಸಿಕ್ಕರೆ ಮೊದಲ ಚಿಕಿತ್ಸೆ ಕ್ಯಾತಿಟರ್ ತೆಗೆಯುವುದು. ಲಕ್ಷಣ ಇಲ್ಲದವರಿಗೆ ಸಾಮಾನ್ಯವಾಗಿ ಔಷಧಿ ಬೇಡ. ಬಿಳಿ ರಕ್ತಕಣ ತೀರಾ ಕಡಿಮೆ ಇರುವವರು, ತೀರಾ ಕಡಿಮೆ ತೂಕದ ನವಜಾತ ಶಿಶುಗಳು, ಮೂತ್ರನಾಳದ ಆಪರೇಷನ್‌ಗೆ ಹೋಗುವವರು, ಇವರಿಗೆ ಮಾತ್ರ ಬೇಕು. ಹೊಟ್ಟೆಯ ಡ್ರೈನ್‌ನಿಂದ ತೆಗೆದ ದ್ರವದ ಕಲ್ಚರ್ ಇದ್ದರೆ, ಡ್ರೈನ್ ಹಾಕಿ ಎಷ್ಟು ಹೊತ್ತಾಗಿತ್ತು ಎಂದು ಕೇಳಿ. 24 ಗಂಟೆ ದಾಟಿದ್ದರೆ ಆ ಯೀಸ್ಟ್ ಡ್ರೈನ್ ಕೊಳವೆಯಲ್ಲೇ ಕೂತಿದ್ದಿರಬಹುದು.

ಶಿಲೀಂಧ್ರದ ಗೋಡೆಯ ಅಂಶವನ್ನು ರಕ್ತದಲ್ಲಿ ಹುಡುಕುವ ಬೀಟಾ-ಡಿ-ಗ್ಲುಕಾನ್ ಟೆಸ್ಟ್ ಪಾಸಿಟಿವ್ ಇದೆ ಎಂಬ ಒಂದೇ ಕಾರಣಕ್ಕೆ ಚಿಕಿತ್ಸೆ ಸೋತಿದೆ ಅನ್ನಬೇಡಿ. ಡಯಾಲಿಸಿಸ್‌ನ ಸೆಲ್ಯುಲೋಸ್ ಪೊರೆ, ಆಪರೇಷನ್‌ನಲ್ಲಿ ಬಳಸಿದ ಗಾಜ್ ಬಟ್ಟೆ, ಆಲ್ಬುಮಿನ್, ಇಮ್ಯುನೊಗ್ಲಾಬ್ಯುಲಿನ್, ಇವೆಲ್ಲ ಅದನ್ನು ಸುಳ್ಳುಸುಳ್ಳೇ ಏರಿಸುತ್ತವೆ. ನೆಗೆಟಿವ್ ಬಂದಾಗ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಕಲ್ಚರ್ ತೆಗೆದ ರೀತಿ

ಬ್ಲಡ್ ಕಲ್ಚರ್ ಒಳಗಿನ ಕ್ಯಾಂಡಿಡಾ ಸೋಂಕುಗಳಲ್ಲಿ ಹೆಚ್ಚುಕಡಿಮೆ ಅರ್ಧವನ್ನಷ್ಟೇ ಹಿಡಿಯುತ್ತದೆ. ರಕ್ತ ಕಡಿಮೆ ತೆಗೆದರೆ ಅದೂ ಇಲ್ಲ. ದೊಡ್ಡವರಿಗೆ ಒಂದು ಸಲಕ್ಕೆ ಒಟ್ಟು 40ರಿಂದ 60 ಮಿಲಿ ರಕ್ತವನ್ನು ಹಲವು ಬಾಟಲಿಗಳಿಗೆ ಹಂಚಿ ಕಳಿಸಬೇಕು ಎಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ವಾರ್ಡಿನಲ್ಲಿ ನಿಜವಾಗಿ ಹೋಗುವುದು ಎಷ್ಟು ಅಂತ ಬಾಟಲಿ ಎತ್ತಿ ನೋಡಿದರೆ ಗೊತ್ತಾಗುತ್ತದೆ.

ಚಿಕಿತ್ಸೆ ಶುರುವಾದ ಮೇಲೆ ದಿನಾ ಅಥವಾ ದಿನ ಬಿಟ್ಟು ದಿನ ಕಲ್ಚರ್ ತೆಗೆಯಬೇಕು. ಇದನ್ನು ಬಿಟ್ಟರೆ ಮುಂದಿನ ಯಾವ ಲೆಕ್ಕವೂ ಕೂರುವುದಿಲ್ಲ. ಏಕೆಂದರೆ 14 ದಿನದ ಚಿಕಿತ್ಸೆಯನ್ನು ಎಣಿಸುವುದು ಔಷಧಿ ಶುರುವಾದ ದಿನದಿಂದ ಅಲ್ಲ, ಮೊದಲ ನೆಗೆಟಿವ್ ಕಲ್ಚರ್ ತೆಗೆದ ದಿನದಿಂದ. ಔಷಧಿ ಶುರುವಾಗಿ ಎರಡು ಮೂರು ದಿನ ಕಲ್ಚರ್ ಪಾಸಿಟಿವ್ ಬರುವುದು ಸಹಜ. ಐದು ದಿನ ದಾಟಿದರೆ ಸೋಂಕು ಒಳಗೆಲ್ಲೋ ನೆಲೆ ಮಾಡಿಕೊಂಡಿದೆ ಎಂದು ಹಿಡಿದು ಹುಡುಕಬೇಕು. ಇನ್ನು ಕಲ್ಚರ್ ನೆಗೆಟಿವ್ ಆಗಿ ಜ್ವರ ಮಾತ್ರ ಉಳಿದಿದ್ದರೆ ಕಾರಣ ಬ್ಯಾಕ್ಟೀರಿಯಾ ಇರಬಹುದು, ಕಾಲಿನ ರಕ್ತನಾಳದ ಹೆಪ್ಪು ಇರಬಹುದು, ಬೇರೆ ಔಷಧಿಯೇ ಇರಬಹುದು.

ಯೀಸ್ಟಿನ ಹೆಸರು ಸರಿಯಾಗಿದೆಯೇ?

ನನ್ನ ಮಟ್ಟಿಗೆ ಇದು ಇಡೀ ಹುಡುಕಾಟದ ಅತಿ ಉಪಯೋಗದ ಪ್ರಶ್ನೆ. ಯಾವ ಜಾತಿ ಅಂತ ಗೊತ್ತಾದರೆ ರೆಸಿಸ್ಟೆನ್ಸ್ ಟೆಸ್ಟ್ ಬರುವ ಮೊದಲೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಕ್ಯಾಂಡಿಡಾದಲ್ಲಿ ಹಲವು ಜಾತಿಗಳಿವೆ. ಆಲ್ಬಿಕನ್ಸ್ ಆದರೆ ಫ್ಲುಕೊನಜೋಲ್ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಕ್ರುಸೈ ಆದರೆ ಫ್ಲುಕೊನಜೋಲ್ ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ, ಟೆಸ್ಟ್ ಮಾಡಿ ನೋಡುವ ಅಗತ್ಯವೂ ಇಲ್ಲ. ಗ್ಲಾಬ್ರಾಟಾ ಅರ್ಧಂಬರ್ಧ ಬಗ್ಗುತ್ತದೆ, ಚಿಕಿತ್ಸೆಯ ನಡುವೆಯೇ ಬಿಗಿಯಾಗಿಬಿಡುತ್ತದೆ. ಪ್ಯಾರಾಸಿಲೋಸಿಸ್‌ನಲ್ಲಿ ಎಕೈನೊಕ್ಯಾಂಡಿನ್ ಹಿಡಿದುಕೊಳ್ಳಬೇಕಾದ ಜಾಗದಲ್ಲೇ ಹುಟ್ಟಿನಿಂದ ಒಂದು ಬದಲಾವಣೆ ಇದೆ. ಹಾಗಾಗಿ ಅದರ ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಔಷಧಿ) ಬೇರೆ ಜಾತಿಗಳಿಗಿಂತ ಮೇಲೆಯೇ ಇರುತ್ತದೆ. ಲುಸಿಟಾನಿಯೆ ಆಂಫೋಟೆರಿಸಿನ್‌ಗೆ ಚಿಕಿತ್ಸೆಯ ನಡುವೆ ಕೈ ಕೊಡಬಹುದು.

ಇನ್ನು ಕ್ಯಾಂಡಿಡಾ ಅಲ್ಲವೇ ಅಲ್ಲದ ಯೀಸ್ಟ್‌ಗಳಿವೆ. ಗ್ರಾಮ್ ಸ್ಟೇನ್‌ನಲ್ಲಿ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವಾಗ) ಮೊಗ್ಗೊಡೆಯುವ ಯೀಸ್ಟ್ ಕಂಡಿತು, ಕ್ಯಾಂಡಿಡಾ ಎಂದು ಫೋನ್‌ನಲ್ಲಿ ಹೇಳಿದರು, ಎಕೈನೊಕ್ಯಾಂಡಿನ್ ಶುರುವಾಯಿತು. ಅದು ಕ್ರಿಪ್ಟೊಕಾಕಸ್, ಟ್ರೈಕೊಸ್ಪೊರಾನ್ ಅಥವಾ ರೊಡೊಟೊರುಲಾ ಆಗಿದ್ದರೆ ಆ ಔಷಧಿ ನೀರಿಗೆ ಸಮ. ಈ ಮೂರಕ್ಕೂ ಎಕೈನೊಕ್ಯಾಂಡಿನ್ ಹತ್ತುವುದಿಲ್ಲ. ಎಕೈನೊಕ್ಯಾಂಡಿನ್ ಮೇಲಿದ್ದಾಗಲೇ ಹೊಸದಾಗಿ ಯೀಸ್ಟ್ ಕಾಣಿಸಿಕೊಂಡರೆ ಈ ಮೂವರನ್ನು ಮೊದಲು ನೆನಪಿಸಿಕೊಳ್ಳಿ.

ಹೆಸರು ತಪ್ಪುವುದು ಹೇಗೆ? ಯೀಸ್ಟಿನಿಂದ ಸಣ್ಣ ಕೊಳವೆ ಮೂಡುತ್ತದೆಯೇ ಎಂದು ನೋಡುವ ಜರ್ಮ್ ಟ್ಯೂಬ್ ಟೆಸ್ಟ್ ಪಾಸಿಟಿವ್ ಬಂದರೆ ಆಲ್ಬಿಕನ್ಸ್ ಅಥವಾ ಡಬ್ಲಿನಿಯೆನ್ಸಿಸ್. ನೆಗೆಟಿವ್ ಬಂದರೆ ಕೆಲವು ಲ್ಯಾಬ್‌ಗಳು "ಆಲ್ಬಿಕನ್ಸ್ ಅಲ್ಲದ ಕ್ಯಾಂಡಿಡಾ" ಎಂದು ಬರೆದು ಅಲ್ಲಿಗೇ ನಿಲ್ಲಿಸುತ್ತವೆ. ರಕ್ತದ ಮಾದರಿಗೆ ಅಷ್ಟು ಸಾಲದು. ಕ್ರುಸೈ, ಗ್ಲಾಬ್ರಾಟಾ, ಪ್ಯಾರಾಸಿಲೋಸಿಸ್, ಆರಿಸ್ ಎಲ್ಲವೂ ಆ ಒಂದೇ ಸಾಲಿನ ಕೆಳಗೆ ಅಡಗಿವೆ. ಮೇಲೆ ನೋಡಿದಿರಲ್ಲ, ಒಂದೊಂದರದ್ದು ಒಂದೊಂದು ದಾರಿ.

ಕ್ಯಾಂಡಿಡಾ ಆರಿಸ್ ಇಲ್ಲಿ ದೊಡ್ಡ ತಲೆನೋವು. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ತೆಗೆದ ಮಾದರಿಯಲ್ಲಿ ಇದನ್ನು ಮೊದಲು ಗುರುತಿಸಿದರು. ಆಮೇಲೆ ಹಳೆಯ ಸಂಗ್ರಹ ಹುಡುಕಿದಾಗ 1996ರ ದಕ್ಷಿಣ ಕೊರಿಯಾದ ಮಾದರಿಯೊಂದರಲ್ಲೂ ಸಿಕ್ಕಿತು. ಹಳೆಯ ಯಂತ್ರಗಳಿಗೆ ಇದರ ಪರಿಚಯವೇ ಇಲ್ಲ. ವೈಟೆಕ್ 2 ಅದನ್ನು ಹೀಮುಲೋನಿ ಅನ್ನಬಹುದು, ಎಪಿಐ 20ಸಿ ಕಿಟ್ ರೊಡೊಟೊರುಲಾ ಗ್ಲುಟಿನಿಸ್ ಅನ್ನಬಹುದು. ಫಮಾಟಾ, ಸಾಕೆ ಎಂಬ ಹೆಸರೂ ಬರಬಹುದು. ಐಸಿಯುನಿಂದ ಬಂದ ಮಾದರಿಗೆ ಈ ಅಪರೂಪದ ಹೆಸರುಗಳು ಬಂದರೆ ನಂಬುವ ಮೊದಲು ಇನ್ನೊಮ್ಮೆ ನೋಡಿ. ರೊಡೊಟೊರುಲಾ ಆಗಿದ್ದರೆ ವಸಾಹತು ಕೆಂಪು ಅಥವಾ ಹವಳದ ಬಣ್ಣಕ್ಕೆ ತಿರುಗಬೇಕು. ಬೆಳ್ಳಗೇ ಉಳಿದಿದ್ದರೆ ಅನುಮಾನ ಪಡಿ. ಆರಿಸ್ 42 ಡಿಗ್ರಿಯಲ್ಲೂ ಬೆಳೆಯುತ್ತದೆ, ಇದು ಇನ್ನೊಂದು ಸುಳಿವು. ಖಚಿತ ಉತ್ತರ ಬೇಕಾದರೆ ಹೊಸ ಡೇಟಾಬೇಸ್ ಹಾಕಿದ ಮಾಲ್ಡಿ-ಟಾಫ್ (ಪ್ರೋಟೀನ್ ಗುರುತಿನಿಂದ ಜಾತಿ ಹೇಳುವ ಯಂತ್ರ), ಅಥವಾ ಯೀಸ್ಟಿನ ಡಿಎನ್‌ಎಯ ಐಟಿಎಸ್ ಭಾಗದ ಸೀಕ್ವೆನ್ಸಿಂಗ್. ರಕ್ತದಿಂದ ನೇರವಾಗಿ ಓದುವ ಟಿ2ಕ್ಯಾಂಡಿಡಾ ಟೆಸ್ಟ್ ಐದು ಸಾಮಾನ್ಯ ಜಾತಿಗಳನ್ನು ಹಿಡಿಯುತ್ತದೆ, ಅವುಗಳಲ್ಲಿ ಆರಿಸ್ ಇಲ್ಲ. ಅದು ನೆಗೆಟಿವ್ ಅಂದರೆ ಆ ಐದು ಕಾಣಲಿಲ್ಲ ಅಂತ, ಅಷ್ಟೇ.

ಎರಡು ಜಾತಿ ಒಟ್ಟಿಗೆ ಇರುವುದೂ ಉಂಟು. ಜಾತಿಗೆ ತಕ್ಕ ಬಣ್ಣ ತೋರಿಸುವ ಕ್ರೋಮ್ ಅಗಾರ್ ತಟ್ಟೆಯಲ್ಲಿ ಆಲ್ಬಿಕನ್ಸ್ ಹಸಿರು, ಟ್ರಾಪಿಕಾಲಿಸ್ ನೀಲಿ, ಕ್ರುಸೈ ಒರಟಾದ ತಿಳಿಗುಲಾಬಿ. ಹಸಿರಿನ ನಡುವೆ ಸಣ್ಣ ಗುಲಾಬಿ ಚುಕ್ಕೆ ಇದ್ದು ಯಾರೂ ಗಮನಿಸದಿದ್ದರೆ, ಫ್ಲುಕೊನಜೋಲ್ ಆಲ್ಬಿಕನ್ಸನ್ನು ಓಡಿಸಿ ಇನ್ನೊಂದಕ್ಕೆ ಜಾಗ ಮಾಡಿಕೊಡುತ್ತದೆ. ವಾರದ ಮೇಲೆ ನೋಡಿದವರಿಗೆ ರೆಸಿಸ್ಟೆನ್ಸ್ ಹುಟ್ಟಿಕೊಂಡ ಹಾಗೆ ಕಾಣುತ್ತದೆ. ಅದಕ್ಕೇ ಮತ್ತೆ ಪಾಸಿಟಿವ್ ಬಂದ ಪ್ರತಿ ಕಲ್ಚರಿನ ಯೀಸ್ಟನ್ನೂ ಹೊಸದಾಗಿ ಗುರುತಿಸಬೇಕು. "ಮೊದಲಿನದೇ" ಎಂದು ನಕಲು ಮಾಡಬಾರದು.

ಇತ್ತೀಚೆಗೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ವಿಜ್ಞಾನಿಗಳು ಹೆಸರು ಬದಲಿಸಿದ್ದಾರೆ. ಗ್ಲಾಬ್ರಾಟಾ ಈಗ ನಕಾಸಿಯೊಮೈಸಿಸ್ ಗ್ಲಾಬ್ರೇಟಸ್, ಕ್ರುಸೈ ಈಗ ಪಿಕಿಯಾ ಕುದ್ರಿಯಾವ್ಜೆವಿ, ಆರಿಸ್ ಈಗ ಕ್ಯಾಂಡಿಡೊಜೈಮಾ ಆರಿಸ್. ರಿಪೋರ್ಟಿನಲ್ಲಿ ಪಿಕಿಯಾ ಎಂದು ನೋಡಿ ಯಾವುದೋ ನಿರುಪದ್ರವಿ ಎಂದುಕೊಂಡು ಫ್ಲುಕೊನಜೋಲ್ ಮುಂದುವರಿಸಿದರೆ ಕಷ್ಟ ಅಲ್ವಾ? ಲ್ಯಾಬಿನವರು ಹಳೆಯ ಹೆಸರನ್ನೂ ಪಕ್ಕದಲ್ಲಿ ಬರೆದರೆ ಎಲ್ಲರಿಗೂ ಒಳ್ಳೆಯದು.

ಔಷಧಿ ಯೀಸ್ಟಿನವರೆಗೆ ಮುಟ್ಟುತ್ತಿದೆಯೇ?

ಡ್ರಗ್ ಚಾರ್ಟ್ ಕೈಗೆತ್ತಿಕೊಳ್ಳಿ. ಆದೇಶ ಏನಿದೆ ಅನ್ನೋದಕ್ಕಿಂತ ಕೊಟ್ಟದ್ದು ಏನು ಎಂದು ನೋಡಿ.

ಫ್ಲುಕೊನಜೋಲ್‌ನಲ್ಲಿ ಪದೇ ಪದೇ ತಪ್ಪುವುದು ಮೊದಲ ದಿನದ ದೊಡ್ಡ ಡೋಸ್. ರಕ್ತದ ಸೋಂಕಿಗೆ ಮೊದಲ ದಿನ 800 ಮಿಗ್ರಾಂ, ಅಂದರೆ ಕೆಜಿ ತೂಕಕ್ಕೆ 12 ಮಿಗ್ರಾಂ. ಆಮೇಲೆ ದಿನಕ್ಕೆ 400, ಅಂದರೆ ಕೆಜಿಗೆ 6. ಈ ಔಷಧಿ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಬೇಕು. ಹಾಗಾಗಿ ಮೊದಲ ದೊಡ್ಡ ಡೋಸ್ ಬಿಟ್ಟುಹೋದರೆ ರಕ್ತದಲ್ಲಿ ಬೇಕಾದ ಮಟ್ಟ ಮುಟ್ಟಲು ಐದಾರು ದಿನ ಹಿಡಿಯುತ್ತದೆ. ಆ ಐದಾರು ದಿನವೇ ನಿಮಗೆ ಔಷಧಿ ಸೋತಂತೆ ಕಾಣುವುದು. ತೂಕ ಜಾಸ್ತಿ ಇರುವವರಿಗೆ 400 ಎಂಬ ಸಿದ್ಧ ಅಂಕಿ ಸಾಲುವುದಿಲ್ಲ. ಕಿಡ್ನಿ ಕೆಟ್ಟಿದೆ ಎಂದು ಡೋಸ್ ಇಳಿಸಿದವರು, ಡಯಾಲಿಸಿಸ್ ಶುರುವಾದ ಮೇಲೆ ಮತ್ತೆ ಏರಿಸಲು ಮರೆಯುತ್ತಾರೆ. ಡಯಾಲಿಸಿಸ್ ಈ ಔಷಧಿಯನ್ನು ಚೆನ್ನಾಗಿಯೇ ತೊಳೆದು ಹಾಕುತ್ತದೆ. ಎಡೆಬಿಡದೆ ನಡೆಯುವ ಡಯಾಲಿಸಿಸ್ ಇನ್ನೂ ಜಾಸ್ತಿ.

ಎಕೈನೊಕ್ಯಾಂಡಿನ್‌ಗಳಲ್ಲಿ ಕ್ಯಾಸ್ಪೊಫಂಗಿನ್ ಮೊದಲ ದಿನ 70, ಆಮೇಲೆ 50 ಮಿಗ್ರಾಂ. ಮೈಕಾಫಂಗಿನ್ ದಿನಕ್ಕೆ 100. ಅನಿಡುಲಫಂಗಿನ್ ಮೊದಲ ದಿನ 200, ಆಮೇಲೆ 100. ರೋಗಿ ರಿಫಾಂಪಿಸಿನ್ ಅಥವಾ ಫೆನಿಟಾಯಿನ್ ಮೇಲಿದ್ದರೆ ಕ್ಯಾಸ್ಪೊಫಂಗಿನ್ 70ರಲ್ಲೇ ಮುಂದುವರಿಯಬೇಕು. ರಿಫಾಂಪಿಸಿನ್ ಫ್ಲುಕೊನಜೋಲನ್ನೂ ಇಳಿಸುತ್ತದೆ. ಇನ್ನೊಂದು ಅಜೋಲ್ ಆದ ವೊರಿಕೊನಜೋಲನ್ನಂತೂ ಇಲ್ಲದಷ್ಟು ಮಾಡಿಬಿಡುತ್ತದೆ. ವೊರಿಕೊನಜೋಲ್ ಕೊಡುತ್ತಿದ್ದರೆ ರಕ್ತದ ಮಟ್ಟ ಅಳೆಯದೆ ಸೋತಿದೆ ಎಂದು ತೀರ್ಮಾನಿಸಬೇಡಿ. ಮುಂದಿನ ಡೋಸಿಗೆ ಮುಂಚೆ ಲೀಟರಿಗೆ 1ರಿಂದ 5.5 ಮಿಗ್ರಾಂ ಇರಬೇಕು. ಕೆಲವರ ಲಿವರ್ ಹುಟ್ಟಿನಿಂದಲೇ ಇದನ್ನು ಬೇಗ ಕರಗಿಸುತ್ತದೆ. ಅವರಲ್ಲಿ ಪೂರ್ತಿ ಡೋಸ್ ಕೊಟ್ಟರೂ ಮಟ್ಟ ಏರುವುದಿಲ್ಲ.

ನರ್ಸಿಂಗ್ ಕಡೆಯಿಂದ ಒಂದು ವಿಷಯ. ಆಂಫೋಟೆರಿಸಿನನ್ನು 5 ಪರ್ಸೆಂಟ್ ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಬೇಕು. ಸಲೈನ್‌ಗೆ ಹಾಕಿದರೆ ಗಷ್ಟು ಕಟ್ಟುತ್ತದೆ. ಅದೇ ಲೈನ್‌ನಲ್ಲಿ ಹಿಂದೆ ಸಲೈನ್ ಹೋಗಿದ್ದರೆ ಡೆಕ್ಸ್‌ಟ್ರೋಸ್‌ನಿಂದ ತೊಳೆದು ಶುರು ಮಾಡಬೇಕು. ಕ್ಯಾಸ್ಪೊಫಂಗಿನ್‌ದು ಇದಕ್ಕೆ ಉಲ್ಟಾ, ಅದನ್ನು ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಬಾರದು. ಎರಡೂ ಒಂದೇ ವಾರ್ಡಿನಲ್ಲಿ, ಒಂದೇ ಟ್ರಾಲಿಯಲ್ಲಿ ಇರುವಾಗ ಇದು ಅದಲುಬದಲಾಗುವುದು ಕಷ್ಟವೇನಲ್ಲ.

ಆಮೇಲೆ ಜಾಗದ ಪ್ರಶ್ನೆ. ಎಕೈನೊಕ್ಯಾಂಡಿನ್ ರಕ್ತದಲ್ಲಿ ಒಳ್ಳೆಯ ಔಷಧಿ. ಆದರೆ ಮೂತ್ರಕ್ಕೆ, ಕಣ್ಣಿನ ಒಳಕ್ಕೆ, ಮಿದುಳಿಗೆ ಅದು ಸರಿಯಾಗಿ ಹೋಗುವುದಿಲ್ಲ. ಲಿಪೊಸೋಮಲ್ ಆಂಫೋಟೆರಿಸಿನ್ ಕೂಡ ಮೂತ್ರದಲ್ಲಿ ಅಷ್ಟಾಗಿ ಸಿಗುವುದಿಲ್ಲ. ವೊರಿಕೊನಜೋಲ್ ಕೂಡ. ಫ್ಲುಕೊನಜೋಲ್ ಮಾತ್ರ ಈ ಮೂರೂ ಜಾಗಕ್ಕೆ ಚೆನ್ನಾಗಿ ಹೋಗುತ್ತದೆ. ಹಾಗಾಗಿ ಮೈಕಾಫಂಗಿನ್ ಕೊಟ್ಟರೂ ಮೂತ್ರದ ಸೋಂಕು ಬಿಡುತ್ತಿಲ್ಲ ಅಂದರೆ ಯೀಸ್ಟನ್ನು ಬೈಯಬೇಕಾಗಿಲ್ಲ, ಔಷಧಿ ಅಲ್ಲಿಗೆ ಹೋಗಿಯೇ ಇಲ್ಲ. ಕ್ರುಸೈನಂಥ ಫ್ಲುಕೊನಜೋಲಿಗೆ ಬಗ್ಗದ ಯೀಸ್ಟ್ ಮೂತ್ರನಾಳದಲ್ಲಿ ಇದ್ದರೆ, ಎಲ್ಲರೂ ಬಿಟ್ಟುಬಿಟ್ಟಿರುವ ಹಳೆಯ ಆಂಫೋಟೆರಿಸಿನ್ ಡಿಆಕ್ಸಿಕೊಲೇಟ್ ಮತ್ತೆ ಬೇಕಾಗುತ್ತದೆ.

ಮೂಲ ಒಳಗೇ ಉಳಿದಿದೆಯೇ?

ಸೆಂಟ್ರಲ್ ಲೈನ್ ತೆಗೆದಿದ್ದೀರಾ? ಇಲ್ಲ ಅಂದರೆ ಮಿಕ್ಕ ಪ್ರಶ್ನೆಗಳಿಗಿಂತ ಮೊದಲು ಇದು. ಯೀಸ್ಟ್ ಪ್ಲಾಸ್ಟಿಕ್ ಮೇಲೆ ಬಯೋಫಿಲ್ಮ್ ಎಂಬ ಅಂಟು ಪದರ ಕಟ್ಟಿಕೊಂಡು ಕೂರುತ್ತದೆ. ಆ ಪದರದೊಳಗಿನ ಯೀಸ್ಟಿಗೆ ಫ್ಲುಕೊನಜೋಲ್ ಹೆಚ್ಚುಕಡಿಮೆ ತಾಗುವುದೇ ಇಲ್ಲ. ಲ್ಯಾಬಿನ ಟೆಸ್ಟ್ ನಡೆಯುವುದು ದ್ರವದಲ್ಲಿ ತೇಲುವ ಯೀಸ್ಟಿನ ಮೇಲೆ. ಹಾಗಾಗಿ ರಿಪೋರ್ಟಿನಲ್ಲಿ ಬಗ್ಗುವ ಯೀಸ್ಟೇ ಲೈನ್ ಮೇಲೆ ಬಗ್ಗುವುದಿಲ್ಲ. ಲೈನ್ ಬಿಟ್ಟು ಔಷಧಿ ಮೇಲೆ ಔಷಧಿ ಬದಲಿಸುವುದು ತೂತು ಮಡಕೆಗೆ ನೀರು ಹೊಯ್ದ ಹಾಗೆ. ಲೈನ್ ತೆಗೆಯಲು ಸಾಧ್ಯವೇ ಇಲ್ಲದ ರೋಗಿಗಳೂ ಇರುತ್ತಾರೆ. ಅಂಥವರಲ್ಲಿ ಬಯೋಫಿಲ್ಮ್ ಮೇಲೆ ಸ್ವಲ್ಪ ಮಟ್ಟಿಗೆ ಕೆಲಸ ಮಾಡುವ ಎಕೈನೊಕ್ಯಾಂಡಿನ್ ಅಥವಾ ಲಿಪಿಡ್ ಆಂಫೋಟೆರಿಸಿನ್ ಆರಿಸಿಕೊಳ್ಳಬೇಕು.

ಲೈನ್ ತೆಗೆದಾಗಿದ್ದರೆ ಅದು ಇದ್ದ ರಕ್ತನಾಳ ನೋಡಿ. ಅಲ್ಲಿ ಸೋಂಕು ಹಿಡಿದ ಹೆಪ್ಪು ಉಳಿದಿರಬಹುದು, ಡಾಪ್ಲರ್‌ನಲ್ಲಿ ಕಾಣುತ್ತದೆ. ಎಕೋ ಮಾಡಿ ಹೃದಯದ ಕವಾಟ ನೋಡಿ, ಕೃತಕ ಕವಾಟ ಇದ್ದವರಲ್ಲಂತೂ ತಪ್ಪಿಸಲೇಬೇಡಿ. ಹೊಟ್ಟೆಯ ಆಪರೇಷನ್ ಆದವರಿಗೆ ಸಿಟಿ ಮಾಡಿ. ಕೀವಿನ ಗಂಟು ಬರಿ ಔಷಧಿಗೆ ಕರಗದೆ ಉಳಿಯುವುದೇ ಜಾಸ್ತಿ, ಹೊರಗೆ ತೆಗೆಯಬೇಕು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಗಂಟಿನೊಳಗೆ ಔಷಧಿ ಅರೆಬರೆ ಪ್ರಮಾಣದಲ್ಲಿ ಹೋಗುತ್ತದೆ. ನಿಜವಾದ ರೆಸಿಸ್ಟೆನ್ಸ್ ಹುಟ್ಟಲು ಅಂಥ ಜಾಗವೇ ಬೇಕು. ಗ್ಲಾಬ್ರಾಟಾ ಹೀಗೆಯೇ ಹೊಟ್ಟೆಯೊಳಗೆ ಎಕೈನೊಕ್ಯಾಂಡಿನ್‌ಗೆ ಒಗ್ಗಿಕೊಳ್ಳುವುದು.

ಕಣ್ಣು ಮರೆಯಬೇಡಿ. ಅಮೆರಿಕದ ಸೋಂಕುರೋಗ ಸೊಸೈಟಿಯ 2016ರ ಮಾರ್ಗಸೂಚಿ ಪ್ರಕಾರ ಮೊದಲ ವಾರದಲ್ಲೇ ಪಾಪೆ ಹಿಗ್ಗಿಸಿ ಕಣ್ಣು ನೋಡಬೇಕು. ಬಿಳಿ ರಕ್ತಕಣ ಕುಸಿದಿರುವವರಲ್ಲಿ ಕಣ ಏರಿದ ಮೇಲೆ ನೋಡಬೇಕು. ವೆಂಟಿಲೇಟರ್ ಮೇಲಿರುವ ರೋಗಿ "ಕಣ್ಣು ಮಂಜಾಗಿದೆ" ಎಂದು ಹೇಳುವುದಿಲ್ಲ.

ಕ್ಯಾನ್ಸರ್ ಚಿಕಿತ್ಸೆಯ ರೋಗಿಗಳಲ್ಲಿ ಇನ್ನೊಂದು ವಿಚಿತ್ರ ಇದೆ. ಬಿಳಿ ರಕ್ತಕಣ ಏರತೊಡಗಿದ ಮೇಲೆ ಜ್ವರ ಬರುತ್ತದೆ, ಆಲ್ಕಲೈನ್ ಫಾಸ್ಫಟೇಸ್ ಎಂಬ ಲಿವರ್ ಕಿಣ್ವ ಏರುತ್ತದೆ, ಸ್ಕ್ಯಾನ್‌ನಲ್ಲಿ ಲಿವರ್ ಮತ್ತು ಗುಲ್ಮದಲ್ಲಿ ಸಣ್ಣ ಸಣ್ಣ ಗಂಟು ಕಾಣುತ್ತವೆ. ಕಲ್ಚರ್ ಮಾತ್ರ ನೆಗೆಟಿವ್. ಇಲ್ಲಿ ಜ್ವರ ವಾರಗಟ್ಟಲೆ ಉಳಿಯಬಹುದು. ಅದರಲ್ಲಿ ದೇಹದ ಪ್ರತಿರೋಧ ಚೇತರಿಸಿಕೊಂಡದ್ದರ ಪಾಲೂ ಇದೆ. ಔಷಧಿ ಸೋತಿದೆ ಎಂದು ವಾರಕ್ಕೊಂದು ಬದಲಿಸಿದರೆ ಏನೂ ಸಿಗುವುದಿಲ್ಲ. ತಿಂಗಳುಗಟ್ಟಲೆ ತಾಳ್ಮೆ ಬೇಕು.

ಈಗ ರೆಸಿಸ್ಟೆನ್ಸ್

ಮೇಲಿನದೆಲ್ಲ ಸರಿ ಇದ್ದರೆ, ಅಥವಾ ರೋಗಿ ಹಿಂದಿನ ಮೂರು ತಿಂಗಳಲ್ಲಿ ಅದೇ ಗುಂಪಿನ ಔಷಧಿ ತೆಗೆದುಕೊಂಡಿದ್ದರೆ, ಈಗ ಅನುಮಾನಕ್ಕೆ ಬೆಲೆ ಇದೆ. ಹಳೆಯ ಚಾರ್ಟ್ ತರಿಸಿ. ಮುಂಜಾಗ್ರತೆಗೆ ಎಂದು ಕೊಟ್ಟ ಫ್ಲುಕೊನಜೋಲ್ ಕೂಡ ಲೆಕ್ಕಕ್ಕೆ ಬರುತ್ತದೆ. ಅದು ಆಲ್ಬಿಕನ್ಸನ್ನು ಕಳೆದು ಗ್ಲಾಬ್ರಾಟಾ, ಕ್ರುಸೈಗಳನ್ನು ಉಳಿಸುತ್ತದೆ.

ರಿಪೋರ್ಟ್ ಓದುವುದರಲ್ಲೇ ಅರ್ಧ ತಪ್ಪು ಆಗುತ್ತದೆ. ಎಂಐಸಿ ಅಂದರೆ ಲ್ಯಾಬಿನಲ್ಲಿ ಯೀಸ್ಟಿನ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಔಷಧಿ, ಪ್ರತಿ ಮಿಲಿಗೆ ಇಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕ. ಆಲ್ಬಿಕನ್ಸ್ ರಿಪೋರ್ಟಿನಲ್ಲಿ ಫ್ಲುಕೊನಜೋಲ್ 2, ಮೈಕಾಫಂಗಿನ್ 1 ಎಂದಿದೆ ಅಂತಿಟ್ಟುಕೊಳ್ಳಿ. ಅಂಕಿ ಚಿಕ್ಕದು, ಮೈಕಾಫಂಗಿನ್ ಒಳ್ಳೆಯದು ಎಂದು ಅನಿಸುತ್ತದೆ. ಅಮೆರಿಕದ ಸಿಎಲ್‌ಎಸ್‌ಐ ಮಾನದಂಡದ ಪ್ರಕಾರ ನಿಜ ಇದಕ್ಕೆ ಪೂರ್ತಿ ತದ್ವಿರುದ್ಧ. ಫ್ಲುಕೊನಜೋಲ್ ಅಂಕಿ 2ರವರೆಗೆ ಇದ್ದರೆ ಆಲ್ಬಿಕನ್ಸ್ ಅದಕ್ಕೆ ಬಗ್ಗುತ್ತದೆ ಎಂದೇ ಅರ್ಥ. ಮೈಕಾಫಂಗಿನ್ 1 ಆದರೆ ರೆಸಿಸ್ಟೆಂಟ್. ಅದೇ ಮೈಕಾಫಂಗಿನ್ 1 ಪ್ಯಾರಾಸಿಲೋಸಿಸ್‌ನಲ್ಲಿ ಬಂದರೆ ಬಗ್ಗುತ್ತದೆ, ಗ್ಲಾಬ್ರಾಟಾದಲ್ಲಿ 0.25 ಬಂದರೂ ರೆಸಿಸ್ಟೆಂಟ್. ಜಾತಿ ಬದಲಾದರೆ ಗೆರೆಯೂ ಬದಲಾಗುತ್ತದೆ. ಹೆಸರು ತಪ್ಪಿದ್ದರೆ ಈ ಓದೂ ತಪ್ಪುತ್ತದೆ. ಯುರೋಪಿನ ಇಯುಕ್ಯಾಸ್ಟ್ ಗೆರೆಗಳು ಬೇರೆ ಇವೆ. ಯಾವುದನ್ನು ಬಳಸಿದ್ದಾರೆ ಎಂದು ಕೇಳಿ.

ಲ್ಯಾಬಿನವರು ನೋಡಬೇಕಾದ ಜಾಗಗಳು ಕೆಲವಿವೆ. ಅಜೋಲ್ ಟೆಸ್ಟ್‌ನಲ್ಲಿ ಬೆಳವಣಿಗೆ ಅರ್ಧಕ್ಕೆ ಇಳಿದ ಗುಳಿಯನ್ನು (ಟೆಸ್ಟ್ ತಟ್ಟೆಯ ವೆಲ್) ಓದಬೇಕು, ಪೂರ್ತಿ ನಿಂತದ್ದನ್ನಲ್ಲ. ಕೆಲವು ಆಲ್ಬಿಕನ್ಸ್ ಮತ್ತು ಟ್ರಾಪಿಕಾಲಿಸ್ ಔಷಧಿ ಎಷ್ಟೇ ಏರಿಸಿದರೂ ತೆಳುವಾಗಿ ಬೆಳೆಯುತ್ತಲೇ ಇರುತ್ತವೆ. ಇದನ್ನು ಟ್ರೇಲಿಂಗ್ ಅನ್ನುತ್ತಾರೆ. 48 ಗಂಟೆಗೆ ಓದಿದರೆ ಅದು ರೆಸಿಸ್ಟೆನ್ಸ್ ಹಾಗೇ ಕಾಣುತ್ತದೆ. 24 ಗಂಟೆಗೆ ಓದಿ. ಆಂಫೋಟೆರಿಸಿನ್‌ದು ಬೇರೆ, ಬೆಳವಣಿಗೆ ಪೂರ್ತಿ ನಿಂತ ಜಾಗ ಓದಬೇಕು. ವೈಟೆಕ್ ಯಂತ್ರ ಆರಿಸ್‌ಗೆ ಆಂಫೋಟೆರಿಸಿನ್ ಎಂಐಸಿಯನ್ನು ಇರುವುದಕ್ಕಿಂತ ಮೇಲೆ ತೋರಿಸುವುದುಂಟು. ಔಷಧಿ ಲೇಪಿಸಿದ ಇ-ಟೆಸ್ಟ್ ಪಟ್ಟಿಯಿಂದ ಇನ್ನೊಮ್ಮೆ ನೋಡಿ. ಕ್ಯಾಸ್ಪೊಫಂಗಿನ್ ಅಂಕಿಗಳು ಲ್ಯಾಬಿನಿಂದ ಲ್ಯಾಬಿಗೆ ಏರುಪೇರಾಗುತ್ತವೆ. ಅದರ ಬದಲು ಅನಿಡುಲಫಂಗಿನ್, ಮೈಕಾಫಂಗಿನ್ ಅಂಕಿ ನಂಬಬಹುದು. ಯಾವುದೇ ಅಚ್ಚರಿಯ ಫಲಿತಾಂಶ ಬಂದ ದಿನ, ನಿಯಂತ್ರಣದ ಯೀಸ್ಟ್‌ಗಳು (ಪ್ಯಾರಾಸಿಲೋಸಿಸ್ ಎಟಿಸಿಸಿ 22019, ಕ್ರುಸೈ ಎಟಿಸಿಸಿ 6258) ಮಿತಿಯೊಳಗೆ ಇದ್ದವೇ ಎಂದು ಮೊದಲು ನೋಡಿ.

ಯೀಸ್ಟ್ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಮುಂದಿನ ಔಷಧಿ ಆರಿಸುವುದು ಸುಲಭ. ಅಜೋಲ್‌ಗಳು ಎರ್ಗೊಸ್ಟೆರಾಲ್ ತಯಾರಿಸುವ ಕಿಣ್ವವೊಂದನ್ನು ಹಿಡಿದು ನಿಲ್ಲಿಸುತ್ತವೆ. ಎರ್ಗೊಸ್ಟೆರಾಲ್ ಇಲ್ಲದೆ ಯೀಸ್ಟಿನ ಪೊರೆ ಸರಿಯಾಗಿ ಕೂರುವುದಿಲ್ಲ. ಯೀಸ್ಟ್ ಆ ಕಿಣ್ವದ ಇಆರ್‌ಜಿ11 ಜೀನ್ ಬದಲಿಸಿಕೊಳ್ಳಬಹುದು, ಅಥವಾ ಒಳಗೆ ಬಂದ ಔಷಧಿಯನ್ನು ಪಂಪ್ ಮಾಡಿ ಹೊರಹಾಕಬಹುದು. ಗ್ಲಾಬ್ರಾಟಾ ಎರಡನೆಯ ದಾರಿ ಹಿಡಿಯುವುದೇ ಜಾಸ್ತಿ. ಪಂಪ್ ಒಂದು ಅಜೋಲನ್ನು ಹೊರಹಾಕಿದರೆ ಸಾಮಾನ್ಯವಾಗಿ ಇನ್ನೊಂದನ್ನೂ ಹಾಕುತ್ತದೆ. ಹಾಗಾಗಿ ಫ್ಲುಕೊನಜೋಲಿಗೆ ಬಗ್ಗದ ಗ್ಲಾಬ್ರಾಟಾಗೆ ವೊರಿಕೊನಜೋಲ್ ಕೊಡುವುದು ಬರೀ ಆಸೆ. ಎಕೈನೊಕ್ಯಾಂಡಿನ್‌ಗಳು ಗೋಡೆ ಕಟ್ಟುವ ಗ್ಲುಕಾನ್ ಕಿಣ್ವವನ್ನು ಹಿಡಿಯುತ್ತವೆ. ಎಫ್‌ಕೆಎಸ್1, ಮತ್ತು ಗ್ಲಾಬ್ರಾಟಾದಲ್ಲಿ ಎಫ್‌ಕೆಎಸ್2 ಜೀನಿನ ಕೆಲವು ನಿರ್ದಿಷ್ಟ ಜಾಗಗಳು ಬದಲಾದರೆ ಆ ಹಿಡಿತ ತಪ್ಪುತ್ತದೆ. ಆಗ ಒಂದು ಎಕೈನೊಕ್ಯಾಂಡಿನ್‌ನಿಂದ ಇನ್ನೊಂದಕ್ಕೆ ಬದಲಿಸಿ ಲಾಭವಿಲ್ಲ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೆಜಾಫಂಗಿನ್ ವಾರಕ್ಕೊಮ್ಮೆ ಕೊಟ್ಟರೆ ಸಾಕು, ಅನುಕೂಲ ನಿಜ. ಆದರೆ ಅದೂ ಇದೇ ಗುಂಪಿನದು, ಎಫ್‌ಕೆಎಸ್ ಬದಲಾದ ಯೀಸ್ಟಿಗೆ ಅದೇ ಉತ್ತರ ಅಂತ ತಿಳಿಯಬೇಡಿ. ಆಂಫೋಟೆರಿಸಿನ್ ನೇರವಾಗಿ ಎರ್ಗೊಸ್ಟೆರಾಲ್‌ಗೇ ಅಂಟುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಯೀಸ್ಟ್ ತನ್ನ ಪೊರೆಯನ್ನೇ ಬದಲಿಸಬೇಕು, ಅದು ಅದಕ್ಕೂ ಕಷ್ಟ. ಅದಕ್ಕೇ ಈ ರೆಸಿಸ್ಟೆನ್ಸ್ ಅಪರೂಪ. ಆರಿಸ್ ಮಾತ್ರ ಇದಕ್ಕೆ ಅಪವಾದ.

ಬದಲಿಸುವುದಾದರೆ ಬೇರೆ ಗುಂಪಿಗೆ ಬದಲಿಸಿ. ಅಜೋಲ್ ಸೋತರೆ ಎಕೈನೊಕ್ಯಾಂಡಿನ್. ಎಕೈನೊಕ್ಯಾಂಡಿನ್ ಸೋತರೆ ಲಿಪಿಡ್ ಆಂಫೋಟೆರಿಸಿನ್, ಕಿಡ್ನಿ ಮತ್ತು ಪೊಟ್ಯಾಸಿಯಂ ಮೇಲೆ ದಿನಾ ಕಣ್ಣಿಟ್ಟು. ಯೀಸ್ಟನ್ನು ಎಸೆಯಬೇಡಿ. ಮೊದಲಿನದನ್ನೂ ಈಗಿನದನ್ನೂ ಫ್ರೀಜರ್‌ನಲ್ಲಿಟ್ಟು, ಎಫ್‌ಕೆಎಸ್ ಸೀಕ್ವೆನ್ಸಿಂಗ್ ಮಾಡುವ ರೆಫರೆನ್ಸ್ ಲ್ಯಾಬಿಗೆ ಎರಡನ್ನೂ ಕಳಿಸಿ. ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ರೆಸಿಸ್ಟೆನ್ಸ್ ಮೊದಲೇ ಇತ್ತೋ ಚಿಕಿತ್ಸೆಯಲ್ಲಿ ಹುಟ್ಟಿತೋ ಎಂದು ಗೊತ್ತಾಗುವುದು.

ದೋಷ ಒಬ್ಬ ರೋಗಿಯದ್ದೋ, ವಾರ್ಡಿನದ್ದೋ?

ಒಂದೇ ವಾರ್ಡಿನಲ್ಲಿ ಎರಡನೇ ರೋಗಿಗೂ ಅದೇ ಬಗ್ಗದ ಯೀಸ್ಟ್ ಬಂದರೆ ಔಷಧಿ ಚೀಟಿ ಬದಿಗಿಟ್ಟು ವಾರ್ಡ್ ನೋಡಬೇಕು. ಪ್ಯಾರಾಸಿಲೋಸಿಸ್ ಸಿಬ್ಬಂದಿಯ ಕೈಗಳ ಮೂಲಕ, ಲೈನ್‌ಗಳ ಮೂಲಕ, ರಕ್ತನಾಳಕ್ಕೆ ಕೊಡುವ ಪೌಷ್ಟಿಕ ದ್ರವಗಳ ಮೂಲಕ ಹರಡುತ್ತದೆ. ಫ್ಲುಕೊನಜೋಲ್ ನೋಡಿಯೇ ಇಲ್ಲದ ರೋಗಿಗೂ ಫ್ಲುಕೊನಜೋಲಿಗೆ ಬಗ್ಗದ ಪ್ಯಾರಾಸಿಲೋಸಿಸ್ ಬರುವುದು ಹೀಗೆ.

ಆರಿಸ್ ಇನ್ನೂ ಹಠಮಾರಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಲೆಕ್ಕದಲ್ಲಿ ಅಲ್ಲಿನ ಮಾದರಿಗಳಲ್ಲಿ ಸುಮಾರು 90 ಪರ್ಸೆಂಟ್ ಫ್ಲುಕೊನಜೋಲಿಗೆ, ಸುಮಾರು 30 ಪರ್ಸೆಂಟ್ ಆಂಫೋಟೆರಿಸಿನ್‌ಗೆ ಬಗ್ಗಲಿಲ್ಲ. ಎಕೈನೊಕ್ಯಾಂಡಿನ್‌ಗೆ ಬಗ್ಗದವು 5 ಪರ್ಸೆಂಟಿಗಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾಡಿದ ಶಿಲೀಂಧ್ರಗಳ ಪಟ್ಟಿಯಲ್ಲಿ ಇದು ಅತಿ ಗಂಭೀರ ಗುಂಪಿನಲ್ಲಿದೆ. ಇದು ಚರ್ಮದ ಮೇಲೆ ತಿಂಗಳುಗಟ್ಟಲೆ, ಮಂಚದ ಕಂಬಿ ಮೇಲೆ ವಾರಗಟ್ಟಲೆ ಬದುಕುತ್ತದೆ. ನೆಲ ಒರೆಸಲು ಬಳಸುವ ಕ್ವಾಟರ್ನರಿ ಅಮೋನಿಯಂ ದ್ರಾವಣಗಳಲ್ಲಿ ಹಲವು ಇದರ ಮೇಲೆ ಸಾಲುವುದಿಲ್ಲ, ಕ್ಲೋರಿನ್ ಬೇಕು. ಕೈಗೆ ಆಲ್ಕೋಹಾಲ್ ದ್ರಾವಣ ಸಾಕು.

ಮೂಲ ಎಂಥ ಜಾಗದಲ್ಲಿ ಇರಬಹುದು ಅನ್ನೋದಕ್ಕೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಒಂದು ನರರೋಗ ಐಸಿಯು ಉದಾಹರಣೆ. 2015ರಿಂದ 2017ರವರೆಗೆ ಅಲ್ಲಿ 70 ರೋಗಿಗಳಲ್ಲಿ ಆರಿಸ್ ಸಿಕ್ಕಿತು. ಹುಡುಕುತ್ತಾ ಹೋದಾಗ ಬೆರಳು ತೋರಿದ್ದು ಕಂಕುಳಲ್ಲಿ ಇಟ್ಟು ಜ್ವರ ನೋಡುವ, ಮತ್ತೆ ಮತ್ತೆ ಬಳಸುವ ಪ್ರೋಬ್ ಕಡೆಗೆ. ಅವನ್ನು ತೆಗೆದುಹಾಕಿದ ಮೇಲೆ ಹೊಸ ರೋಗಿಗಳು ಗಣನೀಯವಾಗಿ ಕಡಿಮೆಯಾದರು. ಹಾಗಾಗಿ ಹುಡುಕುವಾಗ ಗೋಡೆ, ನೆಲಕ್ಕಿಂತ ಮೊದಲು ರೋಗಿಯಿಂದ ರೋಗಿಗೆ ಕೈ ಬದಲಾಗುವ ವಸ್ತು ಹುಡುಕಿ: ಪ್ರೋಬ್, ಬಿಪಿ ಪಟ್ಟಿ, ಆಕ್ಸಿಮೀಟರ್, ಅಲ್ಟ್ರಾಸೌಂಡ್.

ಪಕ್ಕದ ಹಾಸಿಗೆಯವರಿಗೆ ಕಂಕುಳು ಮತ್ತು ತೊಡೆಸಂದಿಯ ಸ್ವಾಬ್ ತೆಗೆಯಿರಿ. ಪಾಸಿಟಿವ್ ಬಂದು ಸೋಂಕಿನ ಲಕ್ಷಣ ಇಲ್ಲದಿದ್ದರೆ ಅವರಿಗೆ ಶಿಲೀಂಧ್ರದ ಔಷಧಿ ಬೇಡ. ಬೇರೆ ಕೋಣೆ, ಗ್ಲೌಸ್, ಗೌನ್, ಅವರಿಗೇ ಮೀಸಲಾದ ಉಪಕರಣ ಸಾಕು. ಈ ರೋಗಿ ಬೇರೆ ಆಸ್ಪತ್ರೆಗೆ ಹೋಗುವುದಾದರೆ ಆರಿಸ್ ಇದೆ ಎಂದು ವರ್ಗಾವಣೆ ಪತ್ರದ ಮೊದಲ ಪುಟದಲ್ಲೇ ಬರೆಯಿರಿ, ಹೊರಡುವ ಮೊದಲು ಫೋನ್ ಕೂಡ ಮಾಡಿ. ಯಾವ ಔಷಧಿ ಎಷ್ಟು ದಿನ ಕೊಟ್ಟಿರಿ, ಕೊನೆಯ ಎಂಐಸಿ ಎಷ್ಟಿತ್ತು, ಯಾವ ದಿನದ ಕಲ್ಚರ್ ಮೊದಲು ನೆಗೆಟಿವ್ ಬಂತು ಎಂಬುದೂ ಅದೇ ಪುಟದಲ್ಲಿ ಇರಲಿ.